ಸಾಕ್ಷಿ ಹೇಳುವ ಮುನ್ನ ಬಂದ ವಚನ ಅಪಶಕುನವೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಹರಿಹರದ ಹತ್ತಿರ ಹೈವೇಯಲ್ಲಿ ಲಾರಿ ಗುದ್ದಿ ಬಿದ್ದಿದ್ದ ಹುಡುಗನನ್ನು ಆಸ್ಪತ್ರೆಗೆ ಸೇರಿಸಿ, ಕಣ್ಣಾರೆ ಕಂಡದ್ದನ್ನು ಪೊಲೀಸರಿಗೆ ಹೇಳಿದ್ದೆ. ಈಗ ಸಾಕ್ಷಿಗೆ ಸಮನ್ಸ್ ಬಂದಿದೆ. ವಕೀಲರ ಪಾಟೀ ಸವಾಲು ನೆನೆಸಿಕೊಂಡರೇ ಬಾಯಿ ಒಣಗುತ್ತದೆ. ಪ್ರಾರ್ಥಿಸಿ, ಕಣ್ಣು ಮುಚ್ಚಿ ಬೈಬಲ್ ತೆರೆದರೆ 22ನೇ ಕೀರ್ತನೆ: ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ! ‘ವಿಶ್ವಾಸ ಇದ್ದವರಿಗೆ ಭಯ ಎಲ್ಲಿಂದ ಬರುತ್ತೆ’ ಅನ್ನುತ್ತಾರೆ ಅತ್ತೆ. ಹೋಗಬೇಡ ಎಂಬ ಸೂಚನೆಯೇ ಇದು?

ಉತ್ತರ: ಅಲ್ಲಮ್ಮ, ಖಂಡಿತ ಅಲ್ಲ. ಆದರೆ ನೀವು ಮೊದಲ ಸಾಲಿಗೇ ಬೆಚ್ಚಿ ಪುಸ್ತಕ ಮುಚ್ಚಿಬಿಟ್ಟಿರಿ ಅನ್ನಿಸುತ್ತದೆ. ಇವತ್ತು ರಾತ್ರಿ ಆ ಕೀರ್ತನೆಯ 31 ವಚನಗಳನ್ನೂ ನಿಧಾನವಾಗಿ ಓದಿ. 15ನೇ ವಚನದಲ್ಲಿ ಆ ಮನುಷ್ಯನ ಬಾಯಿಯೂ ಒಣಗಿದೆ, ನಾಲಿಗೆ ಅಂಗುಳಕ್ಕೆ ಅಂಟಿದೆ. ಎದೆ ಮೇಣದ ಹಾಗೆ ಕರಗಿಹೋಯಿತು ಎನ್ನುತ್ತಾನೆ. ನಿಮ್ಮದೇ ಸ್ಥಿತಿ. ಮುಂದೆ 24ಕ್ಕೆ ಬನ್ನಿ: ಕುಗ್ಗಿದವನ ಸಂಕಟವನ್ನು ದೇವರು ತಾತ್ಸಾರ ಮಾಡಲಿಲ್ಲ, ಮುಖ ಮರೆಮಾಡಲಿಲ್ಲ, ಮೊರೆಯಿಟ್ಟಾಗ ಕೇಳಿದ. ಮೊದಲ ಸಾಲಿನ ಕೂಗಿಗೆ ಉತ್ತರ ಅಲ್ಲಿದೆ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ ಇದೇ ಸಾಲನ್ನು ಎಂದು ಸುವಾರ್ತೆಗಳಲ್ಲಿ ಮತ್ತಾಯ, ಮಾರ್ಕ ಇಬ್ಬರೂ ಬರೆದಿದ್ದಾರೆ. ಆತನ ಬಾಯಲ್ಲಿ ಬಂದ ಮಾತು ನಿಮಗೆ ಅಪಶಕುನ ಹೇಗಾದೀತು?

ಕಣ್ಣು ಮುಚ್ಚಿ ಪುಟ ತೆಗೆಯುವ ರೂಢಿ ಅನೇಕ ಮನೆಗಳಲ್ಲಿದೆ, ಹೊಸ ವರ್ಷಕ್ಕೆ ವಚನ ಬರೆದ ವಾಗ್ದಾನದ ಚೀಟಿ ಎತ್ತುವುದೂ ಹಾಗೆಯೇ. ಅದರಿಂದ ಧೈರ್ಯ ಬಂದರೆ ಸಂತೋಷ. ಹೆದರಿಕೆ ಹೆಚ್ಚುವುದಾದರೆ ಬಿಡಿ. ಬೈಬಲ್ ಇರುವುದು ನಾಳೆ ಏನಾಗುತ್ತದೆಂದು ಕಣಿ ಹೇಳುವುದಕ್ಕಲ್ಲ.

ಇನ್ನು ಅತ್ತೆಯವರ ಮಾತು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ ಯೇಸುವೇ ದಿಗಿಲುಗೊಂಡು, ಸಾಧ್ಯವಾದರೆ ಈ ಗಳಿಗೆ ತಪ್ಪಲಿ ಎಂದು ಬೇಡಿಕೊಂಡ. ನನಗೆ ಹೆದರಿಕೆಯಾದಾಗ ನಿನ್ನನ್ನೇ ನಂಬುತ್ತೇನೆ ಎನ್ನುತ್ತದೆ 56ನೇ ಕೀರ್ತನೆ, ಹೆದರಿಕೆ ಆಗುವುದೇ ಇಲ್ಲ ಎನ್ನುವುದಿಲ್ಲ. ನಿಮ್ಮ ವಿಶ್ವಾಸಕ್ಕೆ ಏನೂ ಆಗಿಲ್ಲ.

ಅಧಿಕಾರಿಗಳ ಮುಂದೆ ಏನು ಹೇಳಬೇಕೆಂದು ಚಿಂತಿಸಬೇಡಿ ಎಂಬ ವಚನವನ್ನು (ಲೂಕ 12:11) ಯಾರಾದರೂ ನಿಮಗೆ ತೋರಿಸಬಹುದು. ಅದು ನಂಬಿಕೆಗಾಗಿ ವಿಚಾರಣೆಗೆ ಗುರಿಯಾಗುವ ಶಿಷ್ಯರಿಗೆ ಹೇಳಿದ್ದು. ಅದನ್ನು ನೆಚ್ಚಿಕೊಂಡು ತಯಾರಿಯಿಲ್ಲದೆ ಹೋಗಬೇಡಿ. ಸರ್ಕಾರಿ ವಕೀಲರನ್ನು ಮೊದಲೇ ಭೇಟಿ ಮಾಡಿ, ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ನೆನಪು ಮಾಡಿಕೊಳ್ಳಿ. ಕಂಡದ್ದನ್ನಷ್ಟೇ ಹೇಳಿ. ನೆನಪಿಲ್ಲದ್ದಕ್ಕೆ ‘ನೆನಪಿಲ್ಲ’ ಅಂದರೆ ಸಾಕು, ಅದು ಸೋಲಲ್ಲ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಅವಮಾನಿಸುವ ಪ್ರಶ್ನೆಗಳನ್ನು ತಡೆಯುವ ಅಧಿಕಾರ ನ್ಯಾಯಾಧೀಶರಿಗಿದೆ. ಆಣೆಯಿಡಬಾರದು ಎಂಬ ಯೇಸುವಿನ ಮಾತು ಮನಸ್ಸಿಗೆ ಚುಚ್ಚಿದರೆ, ದೇವರ ಹೆಸರಿನ ಆಣೆಯ ಬದಲು ಸತ್ಯವನ್ನೇ ಹೇಳುತ್ತೇನೆಂದು ದೃಢೀಕರಿಸಲು 1969ರ ಪ್ರಮಾಣವಚನ ಕಾಯ್ದೆಯಲ್ಲಿ ಅವಕಾಶವಿದೆ.

ಒಂದು ವಿಷಯ ನಿಮಗೆ ತಿಳಿದಿರಲಿ. ದಾರಿಯಲ್ಲಿ ಬಿದ್ದವನನ್ನು ಎತ್ತಿ ಸಾಗಿಸಿದ ಸಮಾರ್ಯದವನ ಸಾಮ್ಯಕಥೆ ಲೂಕನ 10ನೇ ಅಧ್ಯಾಯದಲ್ಲಿದೆಯಲ್ಲ, ನೀವು ಮಾಡಿದ್ದೂ ಅದನ್ನೇ. ನಿಮ್ಮಂಥವರನ್ನು ಕಾಪಾಡುವ ನಮ್ಮ ರಾಜ್ಯದ 2016ರ ಕಾಯ್ದೆಗೆ ‘ಗುಡ್ ಸಮರಿಟನ್’ (ಒಳ್ಳೆಯ ಸಮಾರ್ಯದವನು) ಎಂದೇ ಹೆಸರು. ಮೋಟಾರು ವಾಹನ ಕಾಯ್ದೆಗೂ 2019ರಲ್ಲಿ ಅಂಥದೇ ರಕ್ಷಣೆ ಸೇರಿತು. ಸಹಾಯ ಮಾಡಿದ್ದಕ್ಕೆ ನಿಮ್ಮ ಮೇಲೆ ಕೇಸು ಬೀಳುತ್ತದೆಂಬ ಅಳುಕು ಬೇಡ.

ಗೆತ್ಸೇಮನೆಯಲ್ಲಿ ಯೇಸು ಮೂವರು ಶಿಷ್ಯರನ್ನು ಜೊತೆಗೆ ಕರೆದು, ಎಚ್ಚರವಾಗಿರಿ ಎಂದು ಕೇಳಿಕೊಂಡ. ನೀವೂ ಒಬ್ಬರನ್ನು ಕರೆಯಿರಿ. ಅತ್ತೆಯವರನ್ನೇ ಕರೆಯಬಹುದು: ಮುನ್ನಾದಿನ 22ನೇ ಕೀರ್ತನೆಯನ್ನು ಅವರ ಕೈಯಲ್ಲೇ ಗಟ್ಟಿಯಾಗಿ, ಪೂರ್ತಿ ಓದಿಸಿ. ಬೆಳಿಗ್ಗೆ ಇಬ್ಬರೂ ತಿಂಡಿ ತಿಂದು, ಕುಡಿಯುವ ನೀರು ಹಿಡಿದುಕೊಂಡು ಕೋರ್ಟಿಗೆ ಹೋಗಿ.