ಆಸ್ಪತ್ರೆಗಳು ಇಷ್ಟಿದ್ದರೂ ಬಿಲ್ಲು ಏಕೆ ಇಳಿಯುವುದಿಲ್ಲ?

ಪ್ರಶ್ನೆ: ಮಂಗಳೂರು, ಮಣಿಪಾಲಗಳಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಒಂದೇ ರಸ್ತೆಯಲ್ಲಿ ನಾಲ್ಕು ಹೋಟೆಲುಗಳಿದ್ದರೆ ಊಟದ ದರ ಹತೋಟಿಯಲ್ಲಿರುತ್ತದೆ. ಆದರೆ ನಮ್ಮ ತಂದೆಯವರನ್ನು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದಾಗ, ಡಿಸ್ಚಾರ್ಜ್ ಆಗುವವರೆಗೂ ಒಟ್ಟು ಖರ್ಚು ಎಷ್ಟಾದೀತೆಂದು ಯಾರೂ ಹೇಳಲಿಲ್ಲ. ಪೈಪೋಟಿ ಇಲ್ಲಿ ಏಕೆ ಕೆಲಸ ಮಾಡುವುದಿಲ್ಲ? ನಮಗಿಂತ ಬಡ ದೇಶಗಳಲ್ಲಿ ಏನು ಮಾಡುತ್ತಾರೆ? – ಓದುಗರೊಬ್ಬರು, ಕಾಪು

ಉತ್ತರ: ಪೈಪೋಟಿ ಇದೆ, ಆದರೆ ಅದು ದರಕ್ಕಾಗಿ ನಡೆಯುವುದು ಕಡಿಮೆ, ಹೆಸರಾಂತ ತಜ್ಞರು, ಹೊಸ ಯಂತ್ರಗಳು, ರೋಗಿಗಳನ್ನು ಕಳುಹಿಸಿಕೊಡುವ ಊರಿನ ವೈದ್ಯರು, ಇವರಿಗಾಗಿ ಹೆಚ್ಚು. ಹೋಟೆಲಿನಲ್ಲಿ ಏನು ಬೇಕೆಂದು ಹೇಳುವವರೂ ಹಣ ಕೊಡುವವರೂ ನೀವೇ. ಒಳರೋಗಿಯ ವಿಷಯದಲ್ಲಾದರೋ ಯಾವ ಪರೀಕ್ಷೆ ಆಗಬೇಕು, ಐಸಿಯುನಲ್ಲಿ ಎಷ್ಟು ದಿನ ಇಡಬೇಕು ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ, ಹಣವನ್ನು ಮನೆಯವರು ಹೊಂದಿಸುತ್ತಾರೆ, ಮತ್ತು ಡ್ರಿಪ್ ಹಾಕಿಸಿಕೊಂಡು ಮಲಗಿರುವವರನ್ನು ಎಬ್ಬಿಸಿ ಇನ್ನೊಂದು ಆಸ್ಪತ್ರೆಯ ದರ ವಿಚಾರಿಸಲು ಯಾರೂ ಹೊರಡುವುದಿಲ್ಲ. ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರಲ್ಲಿಯೇ ಇದನ್ನು ವಿವರಿಸಿದ್ದರು: ಕಾಯಿಲೆ ಯಾವಾಗ ಬರುತ್ತದೆಂದು ತಿಳಿಯದಿರುವುದು, ವೈದ್ಯರಿಗೆ ತಿಳಿದಷ್ಟು ರೋಗಿಗೆ ತಿಳಿಯದಿರುವುದು, ಇವೆರಡೂ ಸೇರಿ ಚಿಕಿತ್ಸೆಯ ಮಾರುಕಟ್ಟೆಯನ್ನು ಬೇರೆಯದೇ ಆಗಿಸುತ್ತವೆ. ಹಾಸಿಗೆಗಳನ್ನು ಹೆಚ್ಚಿಸಿದರೆ ಅವು ತಾವಾಗಿಯೇ ತುಂಬಿಕೊಳ್ಳುತ್ತವೆ ಎಂದು ಅದಕ್ಕೂ ಸ್ವಲ್ಪ ಮೊದಲು ಆರೋಗ್ಯ ಸಂಶೋಧಕ ಮಿಲ್ಟನ್ ರೋಮರ್ ಗುರುತಿಸಿದ್ದರು. ಆಸ್ಪತ್ರೆಗಳ ಸಂಖ್ಯೆಯೊಂದರಿಂದಲೇ ದರ ಇಳಿಯುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ವಿಶೇಷವಿದೆ, ಅದನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಇಲ್ಲಿನ ದೊಡ್ಡ ಆಸ್ಪತ್ರೆಗಳಲ್ಲಿ ಅನೇಕವು ಮೆಡಿಕಲ್ ಕಾಲೇಜುಗಳಿಗೆ ಸೇರಿದವು. ಕಾಲೇಜಿನ ಮಾನ್ಯತೆ ಉಳಿಯಬೇಕಾದರೆ ಹಾಸಿಗೆಗಳಲ್ಲಿ ನಿಗದಿತ ಪ್ರಮಾಣದಷ್ಟು ರೋಗಿಗಳು ಇರಲೇಬೇಕು, ವಿದ್ಯಾರ್ಥಿಗಳು ಅವರನ್ನು ನೋಡಿಯೇ ಕಲಿಯಬೇಕು. ಆದ್ದರಿಂದ ಇಂತಹ ಕಡೆಗಳಲ್ಲಿ ಜನರಲ್ ವಾರ್ಡಿನ ರೋಗಿ ಗ್ರಾಹಕ ಮಾತ್ರವಲ್ಲ, ಕಾಲೇಜಿಗೆ ಅಗತ್ಯವಾದವನು. ರಿಯಾಯಿತಿ ಕಾರ್ಡುಗಳು, ಊರೂರಿನ ಉಚಿತ ತಪಾಸಣಾ ಶಿಬಿರಗಳು ಬರೀ ದಾನದ ಬುದ್ಧಿಯಿಂದ ಹುಟ್ಟಿದವಲ್ಲ ಎಂದರೆ ಯಾರೂ ಬೇಸರಿಸಬೇಕಾಗಿಲ್ಲ. ಜನರಲ್ ವಾರ್ಡಿಗೂ ಸ್ಪೆಷಲ್ ರೂಮಿಗೂ ನಡುವಿನ ದರದ ಅಂತರಕ್ಕೆ ಇದೂ ಒಂದು ಕಾರಣ. ಮಂಗಳೂರಿನ ಕಸ್ತೂರ್ಬಾ ಮೆಡಿಕಲ್ ಕಾಲೇಜು (ಕೆಎಂಸಿ) 1950ರ ದಶಕದಿಂದ ಸರಕಾರದ ವೆನ್ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳನ್ನೇ ಕಲಿಕೆಗೆ ಬಳಸುತ್ತ ಬಂದಿರುವುದರಿಂದ, ಅಲ್ಲಿನ ಬಡ ರೋಗಿಗಳಿಗೆ ಕಾಲೇಜಿನ ತಜ್ಞರ ಸೇವೆಯೂ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಖಾಸಗಿ ದರಕ್ಕೆ ನಿಜವಾದ ಕಡಿವಾಣವೆಂದರೆ ಹತ್ತಿರದಲ್ಲೇ ಇರುವ, ನಂಬಬಹುದಾದ ಸರಕಾರಿ ಆಸ್ಪತ್ರೆ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಹೆರಿಗೆ ಬಿಟ್ಟು ಒಂದು ಬಾರಿ ದಾಖಲಾದರೆ ಆಗುವ ಸರಾಸರಿ ವೈದ್ಯಕೀಯ ವೆಚ್ಚ ಸರಕಾರಿ ಆಸ್ಪತ್ರೆಯಲ್ಲಿ ಸುಮಾರು 4,500 ರೂಪಾಯಿ, ಖಾಸಗಿಯಲ್ಲಿ ಸುಮಾರು 32,000 ರೂಪಾಯಿ.

ಆದರೆ ಶುಲ್ಕ ರದ್ದುಮಾಡಿದ ಮಾತ್ರಕ್ಕೆ ಸರಕಾರಿ ಆಸ್ಪತ್ರೆ ನಂಬಬಹುದಾದದ್ದು ಆಗುವುದಿಲ್ಲ. ನೀವು ಕೇಳಿದ ಬಡ ದೇಶಗಳ ಪೈಕಿ ಉಗಾಂಡಾ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ 2001ರಲ್ಲಿ ಸರಕಾರಿ ಆಸ್ಪತ್ರೆಗಳ ಶುಲ್ಕವನ್ನು, ಖಾಸಗಿ ವಾರ್ಡುಗಳನ್ನು ಬಿಟ್ಟು, ತೆಗೆದುಹಾಕಲಾಯಿತು. ಬಡವರು ಹೆಚ್ಚು ಸಂಖ್ಯೆಯಲ್ಲಿ ಬಂದರು. ಆದರೂ ಕಾಯಿಲೆಯ ಖರ್ಚಿನಿಂದ ಕಂಗೆಡುವ ಬಡ ಕುಟುಂಬಗಳ ಪ್ರಮಾಣ ತಗ್ಗಲಿಲ್ಲವೆಂದು ಅಧ್ಯಯನವೊಂದು ಕಂಡುಕೊಂಡಿತು. ಒಳಗೆ ಔಷಧಿ ಸಾಲದೆ ಚೀಟಿ ಹಿಡಿದು ಹೊರಗಿನ ಅಂಗಡಿಗೆ ಹೋಗಬೇಕಾದದ್ದು ಅದಕ್ಕೆ ಕಾರಣವಾಗಿರಬಹುದು.

ಇನ್ನೊಂದು ದಾರಿ, ಎಲ್ಲರ ಪರವಾಗಿ ಒಬ್ಬರೇ ದೊಡ್ಡ ಗಿರಾಕಿಯಾಗಿ ನಿಂತು ಚೌಕಾಸಿ ಮಾಡುವುದು. ಆಯುಷ್ಮಾನ್ ಭಾರತ ಯೋಜನೆ ಮಾಡುವುದು ಇದನ್ನೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಬಹುತೇಕ ಶಸ್ತ್ರಚಿಕಿತ್ಸೆಗಳಿಗೆ ಇಂತಿಷ್ಟೇ ಎಂಬ ಪ್ಯಾಕೇಜ್ ದರ. ದಿನ ಹೆಚ್ಚಿಸಿದರೆ ಆಸ್ಪತ್ರೆಗೆ ಲಾಭವಿಲ್ಲ. ಆದರೆ ಆ ದರ ತೀರಾ ಕಡಿಮೆಯಾದರೆ ‘ಹಾಸಿಗೆ ಖಾಲಿ ಇಲ್ಲ’ ಎಂಬ ಉತ್ತರ ಬರತೊಡಗುತ್ತದೆ. ಯೋಜನೆಯ ದೊಡ್ಡ ತೊಡಕು ಇದೇ.

ಮುಂದಿನ ಬಾರಿ ದಾಖಲಿಸುವ ಮೊದಲೇ ಬಿಲ್ಲಿಂಗ್ ಕೌಂಟರಿನಲ್ಲಿ ಅಂದಾಜು ವೆಚ್ಚವನ್ನು ಬರೆಸಿಕೊಳ್ಳಿರಿ. ದರಪಟ್ಟಿಯನ್ನು ಪ್ರದರ್ಶಿಸುವುದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ಕಡ್ಡಾಯ, ಕೇಳಲು ಸಂಕೋಚ ಬೇಡ.

ಪ್ರಶ್ನೆ: ನನ್ನ ವಿಮೆ 3 ಲಕ್ಷ ರೂಪಾಯಿಯದು, ಬಿಲ್ಲು ಅದಕ್ಕಿಂತ ಕಡಿಮೆ. ಆದರೂ ಪೂರ್ತಿ ಹಣ ಬರಲಿಲ್ಲ. ಏಕೆ? – ಓದುಗರೊಬ್ಬರು, ಸುರತ್ಕಲ್

ಉತ್ತರ: ನಿಮ್ಮ ಪಾಲಿಸಿಯಲ್ಲಿ ಕೋಣೆ ಬಾಡಿಗೆಗೆ ಮಿತಿಯಿದೆಯೇ ನೋಡಿರಿ. ಮಿತಿ ದಿನಕ್ಕೆ 3,000 ರೂಪಾಯಿಯಿದ್ದು ನೀವು 6,000 ರೂಪಾಯಿಯ ಕೋಣೆ ಹಿಡಿದಿದ್ದರೆ, ಬಾಡಿಗೆಯಷ್ಟೇ ಅಲ್ಲ, ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಶುಲ್ಕಗಳಲ್ಲಿಯೂ ಅರ್ಧ ಕಡಿತವಾಗಬಹುದು. ಔಷಧಿ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳಿಗೆ ಈ ಕಡಿತ ಸಲ್ಲದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಅವುಗಳಲ್ಲಿಯೂ ಕಡಿತ ಮಾಡಿದ್ದರೆ ಮೊದಲು ಕಂಪೆನಿಗೆ ಲಿಖಿತ ದೂರು ಕೊಡಿರಿ, ಒಪ್ಪದಿದ್ದರೆ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿ) ಬಳಿಗೆ ಹೋಗಿರಿ.