ಲೈಸೆನ್ಸ್ ಕಡ್ಡಾಯ ಮಾಡಿದರೆ ಮೆಕ್ಯಾನಿಕ್‌ಗಳ ಮೋಸ ನಿಲ್ಲುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಡಾಕ್ಟರಿಗೆ, ವಕೀಲರಿಗೆ ಲೈಸೆನ್ಸ್ ಬೇಕು. ಹಾಗೇ ಎಲೆಕ್ಟ್ರಿಷಿಯನ್, ಪ್ಲಂಬರ್, ಕಾರು ಮೆಕ್ಯಾನಿಕ್ ಎಲ್ಲರಿಗೂ ಸರ್ಕಾರವೇ ಪರೀಕ್ಷೆ ಮಾಡಿ ಲೈಸೆನ್ಸ್ ಕೊಟ್ಟರೆ ಗ್ರಾಹಕರಿಗೆ ಮೋಸ ಆಗುವುದು ನಿಲ್ಲುತ್ತದಾ?

ಕರೆಂಟ್ ಮತ್ತು ಗ್ಯಾಸ್ ಕೆಲಸ ಮಾಡುವವರಿಗೆ ಲೈಸೆನ್ಸ್ ಬೇಕೇ ಬೇಕು. ಮೆಕ್ಯಾನಿಕ್ ವಿಷಯದಲ್ಲಿ ಮಾತ್ರ ನನಗೆ ಪರೀಕ್ಷೆಯ ಮೇಲೆ ಅಷ್ಟು ನಂಬಿಕೆ ಇಲ್ಲ. ಯಾಕೆ ಅನ್ನುವುದಕ್ಕೆ ನನಗೇ ಆದದ್ದನ್ನು ಹೇಳುತ್ತೇನೆ.

ಒಂದು ಸಲ ಕಾರಿನ ಮುಂದಿನ ಚಕ್ರದಿಂದ ಕಿರ್ರೆಂದು ಸದ್ದು ಬರಲು ಶುರುವಾಯಿತು. ದೊಡ್ಡ ವರ್ಕ್‌ಶಾಪ್ ಒಂದಕ್ಕೆ ತೆಗೆದುಕೊಂಡು ಹೋದೆ. ಗೋಡೆ ತುಂಬ ಫ್ರೇಮ್ ಹಾಕಿದ ಟ್ರೈನಿಂಗ್ ಸರ್ಟಿಫಿಕೇಟುಗಳು. ಅರ್ಧ ಗಂಟೆ ಕಾದ ಮೇಲೆ ಒಬ್ಬರು ಬಂದು, ಎರಡೂ ಕಡೆ ಡಿಸ್ಕ್ ಹೋಗಿದೆ, ಪ್ಯಾಡ್ ಸವೆದಿದೆ, ಒಂದು ಕ್ಯಾಲಿಪರ್ ಜಾಮ್ ಆಗಿದೆ, ಎಲ್ಲ ಬದಲಿಸಬೇಕು ಎಂದರು. "ಬ್ರೇಕ್ ವಿಷಯ ಸಾರ್, ರಿಸ್ಕ್ ತಗೋಬೇಡಿ" ಅಂತ ಬೇರೆ. ಆ ಮಾತಿಗೆ ಯಾರು ತಾನೇ ಎದುರಾಡುತ್ತಾರೆ? ದುಡ್ಡು ಹೊಂದಿಸಿಕೊಂಡು ನಾಳೆ ಬರುತ್ತೇನೆ ಎಂದು ಹೇಳಿ ಹೊರಟೆ. ದಾರಿಯಲ್ಲಿ ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಚಕ್ರ ಬಿಚ್ಚಿದರು. ಡಿಸ್ಕಿನ ಹಿಂದೆ ಇರುವ ತೆಳು ತಗಡನ್ನು ಸ್ಕ್ರೂಡ್ರೈವರ್‌ನಿಂದ ಸ್ವಲ್ಪ ಮೀಟಿದರು. ಉಗುರಿನಷ್ಟು ಸಣ್ಣ ಜಲ್ಲಿಕಲ್ಲು ಕೆಳಗೆ ಬಿತ್ತು. ಸದ್ದು ನಿಂತಿತು. ಪ್ಯಾಡ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಇತ್ತು.

ಮೊದಲ ಕಡೆಯವರಿಗೆ ಕೆಲಸ ಬರುತ್ತಿರಲಿಲ್ಲ ಅಂತೀರಾ? ಒಂದೋ ಅವರು ಚಕ್ರ ಬಿಚ್ಚಿಯೇ ಇರಲಿಲ್ಲ. ಇಲ್ಲವೇ ಬಿಚ್ಚಿ ನೋಡಿಯೂ ಸುಮ್ನಿದ್ದರು. ಯಾವ ಪರೀಕ್ಷೆ ಇಟ್ಟಿದ್ದರೂ ಅವರು ಪಾಸಾಗುತ್ತಿದ್ದರು, ಅಲ್ವಾ? ಕಲ್ಲು ತೆಗೆದವರು ಬರೆದು ಪಾಸು ಮಾಡುವ ಪರೀಕ್ಷೆ ಇದ್ದರೆ ಹೆಚ್ಚಾಗಿ ಫೇಲ್ ಆಗುತ್ತಿದ್ದರು. ಹುಡುಗನಾಗಿದ್ದಾಗಿನಿಂದ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತಾ ಕಲಿತವರು ಅವರು.

ಈ ಕಸುಬಿನಲ್ಲಿ ರೋಗ ಹೇಳುವವರೂ ಔಷಧಿ ಮಾರುವವರೂ ಒಬ್ಬರೇ. ತೊಂದರೆ ಇರುವುದೇ ಅಲ್ಲಿ. ರಿಪೇರಿ ಆದ ಮೇಲೂ ಅದು ನಿಜಕ್ಕೂ ಬೇಕಿತ್ತೋ ಇಲ್ಲವೋ ನಮಗೆ ಗೊತ್ತಾಗುವುದಿಲ್ಲ. ಸದ್ದು ನಿಂತರೆ ಸಾಕು, ಒಳ್ಳೆ ಕೆಲಸ ಮಾಡಿದರು ಎಂದುಕೊಂಡು ಬರುತ್ತೇವೆ. ಮೈಕೆಲ್ ಡಾರ್ಬಿ, ಎಡಿ ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು 1973ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಬರೀ ನಂಬಿಕೆಯ ಮೇಲೆ ಕೊಳ್ಳಬೇಕಾದ ಇಂಥ ಸೇವೆಗಳಿಗೆ ಒಂದು ಹೆಸರನ್ನೂ ಇಟ್ಟರು.

ಅದಕ್ಕೇ ಕ್ಯಾಲಿಫೋರ್ನಿಯಾದವರು ಮಾಡಿದ್ದು ನನಗೆ ಹಿಡಿಸುತ್ತದೆ. 1971ರಲ್ಲಿ ಅಲ್ಲಿ ವಾಹನ ರಿಪೇರಿಗೇ ಒಂದು ಕಾನೂನು ಬಂತು, ಅದನ್ನು ನೋಡಿಕೊಳ್ಳಲು ಒಂದು ಬ್ಯೂರೋ ಬಂತು. ಸಾಮಾನ್ಯ ರಿಪೇರಿ ಮಾಡುವ ಮೆಕ್ಯಾನಿಕ್‌ಗೆ ಅಲ್ಲಿ ಪರೀಕ್ಷೆ ಇಲ್ಲ. ಗ್ಯಾರೇಜು ಮಾತ್ರ ನೋಂದಣಿ ಆಗಿರಬೇಕು. ಕೆಲಸಕ್ಕೆ ಕೈ ಹಾಕುವ ಮೊದಲು ಎಸ್ಟಿಮೇಟ್ ಕೊಡಬೇಕು. ಖರ್ಚು ಅದಕ್ಕಿಂತ ಜಾಸ್ತಿ ಆಗುವಂತಿದ್ದರೆ ಮತ್ತೆ ಒಪ್ಪಿಗೆ ಕೇಳಬೇಕು. ಕೆಲಸ ಒಪ್ಪಿಸುವಾಗಲೇ ಗ್ರಾಹಕರು ಹೇಳಿದ್ದರೆ ಬಿಚ್ಚಿದ ಹಳೇ ಪಾರ್ಟುಗಳನ್ನು ಕೈಗೆ ಕೊಡಬೇಕು. ತಪ್ಪಿದರೆ ನೋಂದಣಿಯೇ ಹೋಗಬಹುದು.

ಆ ಬ್ಯೂರೋದವರು ಇನ್ನೊಂದು ಕೆಲಸ ಮಾಡುತ್ತಾರೆ. ಏನೇನು ಸರಿ ಇದೆ ಎಂದು ಮೊದಲೇ ತಪಾಸಣೆ ಮಾಡಿಟ್ಟ ಕಾರುಗಳನ್ನು ಮಾಮೂಲಿ ಗ್ರಾಹಕರ ಹಾಗೆ ಗ್ಯಾರೇಜಿಗೆ ಕಳಿಸುತ್ತಾರೆ. ಹೀಗೆ ಮಾಡಿಯೇ 1992ರಲ್ಲಿ ಒಂದು ಬಹುದೊಡ್ಡ ಕಂಪನಿಯ ಗ್ಯಾರೇಜುಗಳ ಮೇಲೆ ಆರೋಪ ಹೊರಿಸಿದರು. ಸವೆದ ಬ್ರೇಕ್ ಪ್ಯಾಡ್ ಬದಲಿಸಿದರೆ ಮುಗಿಯುವ ಕಾರಿಗೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎಲ್ಲ ಹಾಕಿ ಬಿಲ್ ಮಾಡಿದ್ದರಂತೆ. ಕೆದಕಿ ನೋಡಿದರೆ, ಅಲ್ಲಿ ಗ್ರಾಹಕರ ಜೊತೆ ಮಾತಾಡುವ ಸಿಬ್ಬಂದಿಗೆ ಕಮಿಷನ್ ಇತ್ತು, ಇಷ್ಟು ಮಾರಲೇಬೇಕು ಎಂಬ ಟಾರ್ಗೆಟ್ ಇತ್ತು. ಗಲಾಟೆ ಆದ ಮೇಲೆ ಕಂಪನಿ ಆ ಕಮಿಷನ್ ನಿಲ್ಲಿಸಿತು. ಕೆಲಸ ಬಾರದವರು ಅಲ್ಲಿ ಯಾರೂ ಇರಲಿಲ್ಲ ನೋಡಿ.

ಇನ್ನು ಕರೆಂಟು, ಗ್ಯಾಸು. ಇದು ಬೇರೆ ಮಾತು. ಇಲ್ಲಿ ತಪ್ಪಾದರೆ ದುಡ್ಡಲ್ಲ, ಜೀವ ಹೋಗುತ್ತದೆ. ಅದೂ ದುಡ್ಡು ಉಳಿಸಲು ಹೋದವರದ್ದಷ್ಟೇ ಅಲ್ಲ, ಪಕ್ಕದ ಮನೆಯವರದ್ದೂ ಹೋಗಬಹುದು. ಬ್ರಿಟನ್‌ನಲ್ಲಿ ಕಾರು ರಿಪೇರಿಗೆ ಲೈಸೆನ್ಸ್ ಕಡ್ಡಾಯ ಇಲ್ಲ, ಆದರೆ ಮನೆಯ ಗ್ಯಾಸ್ ಕೆಲಸವನ್ನು ನೋಂದಣಿ ಆದವರೇ ಮಾಡಬೇಕು. ಅವರ ಗುರುತಿನ ಚೀಟಿಯ ಹಿಂಬದಿಯಲ್ಲಿ ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತಲೂ ಬರೆದಿರುತ್ತದೆ. ಬಾಯ್ಲರ್ ಗೊತ್ತಿದ್ದವರಿಗೆ ಒಲೆಯ ಕೆಲಸ ಗೊತ್ತಿರಲೇಬೇಕೆಂದಿಲ್ಲವಲ್ಲ. ಇಂಥ ಕಡೆ ಪರೀಕ್ಷೆ ಕಠಿಣವಾಗಿಯೇ ಇರಲಿ.

ಎಲ್ಲಕ್ಕೂ ಲೈಸೆನ್ಸ್ ಅಂದರೆ ಮಾತ್ರ ಅದಕ್ಕೆ ನಾವೂ ಬೆಲೆ ತೆರಬೇಕಾಗುತ್ತದೆ. ನಿಯಮ ಮಾಡುವ ಮಂಡಳಿಯಲ್ಲಿ ಹೆಚ್ಚಾಗಿ ಕೂರುವವರು ಅದೇ ಕಸುಬಿನವರು. ಹೊಸಬರು ಕಡಿಮೆಯಾದಷ್ಟೂ ಅವರಿಗೆ ಲಾಭ. ಅಮೆರಿಕದಲ್ಲಿ 1950ರ ದಶಕದಲ್ಲಿ ಕೆಲಸಕ್ಕೆ ಲೈಸೆನ್ಸ್ ಬೇಕಿದ್ದದ್ದು ಸುಮಾರು 20 ಜನರಲ್ಲಿ ಒಬ್ಬರಿಗೆ. ಈಗ ಸುಮಾರು 5 ಜನರಲ್ಲಿ ಒಬ್ಬರಿಗೆ ಬೇಕು. ಹಾಗಂತ ಪೂರ್ತಿ ಕೈಬಿಟ್ಟರೂ ಸರಿಹೋಗುವುದಿಲ್ಲ. ಜರ್ಮನಿಯಲ್ಲಿ ಸ್ವಂತ ಕಸುಬು ತೆರೆಯಲು 'ಮೈಸ್ಟರ್' ಪರೀಕ್ಷೆ ಪಾಸಾಗಬೇಕೆಂಬ ಹಳೇ ಪದ್ಧತಿ ಇದೆ. 2004ರಲ್ಲಿ 94 ಕಸುಬುಗಳ ಪೈಕಿ 53ಕ್ಕೆ ಅದನ್ನು ತೆಗೆದುಹಾಕಿದರು. ಟೈಲ್ಸ್ ಹಾಕುವವರ ಸಂಖ್ಯೆ ಏಕದಂ ಏರಿತು, ಬಹಳಷ್ಟು ಒಬ್ಬರೇ ನಡೆಸುವ ಕಸುಬುಗಳು. ಆದರೆ ಹುಡುಗರನ್ನು ಇಟ್ಟುಕೊಂಡು ಕೆಲಸ ಕಲಿಸುವುದು ಕಡಿಮೆಯಾಯಿತು. 2020ರಲ್ಲಿ ಟೈಲ್ಸ್ ಸೇರಿ 12 ಕಸುಬುಗಳಿಗೆ ಪರೀಕ್ಷೆ ವಾಪಸ್ ಬಂತು. ಕಾರು ರಿಪೇರಿಗಂತೂ ಅಲ್ಲಿ ಅದು ಯಾವತ್ತೂ ಹೋಗಿರಲೇ ಇಲ್ಲ, ಇದು ನನ್ನ ವಾದಕ್ಕೆ ವಿರುದ್ಧ ಹೋಗುವ ಮಾತು ಎಂದು ಒಪ್ಪುತ್ತೇನೆ.

ಕಾನೂನು ಬರುವಾಗ ಬರಲಿ. ಅಲ್ಲಿಯವರೆಗೆ ನೀವೇ ಮಾಡಬಹುದಾದದ್ದು ಇದೆ. ಎಸ್ಟಿಮೇಟ್ ಬರೆಸಿಕೊಳ್ಳಿ, ವಾಟ್ಸಾಪ್ ಮೆಸೇಜಾದರೂ ಸರಿ. "ಇದಕ್ಕಿಂತ ಜಾಸ್ತಿ ಆದರೆ ಮೊದಲು ನನಗೆ ಫೋನ್ ಮಾಡಿ" ಅನ್ನಿ. ಹಳೇ ಪಾರ್ಟ್ ಬೇಕು ಎಂದು ಗಾಡಿ ಬಿಡುವಾಗಲೇ ಹೇಳಿ, ಬಿಲ್ ಆದ ಮೇಲೆ ಅಲ್ಲ. ಆಲ್ಟರ್ನೇಟರ್, ಸ್ಟಾರ್ಟರ್ ಮೋಟರ್ ಥರದವನ್ನು ಹಳೆಯದು ವಾಪಸ್ ಕೊಟ್ಟು ರಿಪೇರಿಯಾದದ್ದನ್ನು ತರುವುದುಂಟು. ಅಂಥದ್ದು ಮನೆಗೆ ಸಿಗದಿದ್ದರೂ ಕಣ್ಣಿಗಾದರೂ ತೋರಿಸಲಿ.

ಇನ್ನೊಂದು, ನೋಡಿ ಹೇಳಿದ್ದಕ್ಕೇ ಬೇರೆಯಾಗಿ ದುಡ್ಡು ಕೊಡಿ. ಬರೀ ನೋಡಿದ್ದಕ್ಕೆ ಏನೂ ಸಿಗುವುದಿಲ್ಲ ಅಂದರೆ ಅವರು ಏನಾದರೂ ಒಂದು ಹುಡುಕಲೇಬೇಕಾಗುತ್ತದೆ. ಕಲ್ಲು ತೆಗೆದವರು "ಇದಕ್ಕೆಂಥ ದುಡ್ಡು" ಎಂದು ಕೈ ಒರೆಸಿಕೊಳ್ಳುತ್ತಾ ಒಳಗೆ ಹೋದರು. ನಾನು ಹಿಂದೆಯೇ ಹೋಗಿ ಒತ್ತಾಯ ಮಾಡಿ ಕೊಟ್ಟು ಬಂದೆ.