ಶೂನ್ಯ ದಾಟುವಿಕೆ ತಡವಾಗಿ ಕಾಣುವುದೇಕೆ?

48 ವೋಲ್ಟ್ ಬ್ಯಾಟರಿಯ ಬ್ರಷ್‌ಲೆಸ್ ಮೋಟರಿನ ಫೇಸ್ (ಮೋಟರಿನ ಮೂರು ಸುರುಳಿಗಳಲ್ಲಿ ಒಂದರ) ವೋಲ್ಟೇಜನ್ನು 100 ಮತ್ತು 4.7 ಕಿಲೋಓಮ್‌ಗಳ ರೆಸಿಸ್ಟರ್ ಜೋಡಿಯಿಂದ ಇಳಿಸಿ, 10 ನ್ಯಾನೋಫ್ಯಾರಡ್ ಕೆಪಾಸಿಟರಿನಿಂದ ಸೋಸಿ ಓದುತ್ತಿರುವ ತಾವು, ವೇಗ ಹೆಚ್ಚಿದಂತೆ ಕಮ್ಯುಟೇಶನ್ (ಕರೆಂಟನ್ನು ಒಂದು ಫೇಸಿನಿಂದ ಮುಂದಿನದಕ್ಕೆ ಬದಲಿಸುವುದು) ಏಕೆ ಹಿಂದೆ ಬೀಳುತ್ತದೆ ಎಂದು ಕೇಳಿದ್ದೀರಿ. ಅದರ ಸಮಯ ನಿರ್ಧಾರವಾಗುವುದು ಶೂನ್ಯ ದಾಟುವಿಕೆಯಿಂದ, ಅಂದರೆ ಕರೆಂಟ್ ಕೊಡದೆ ಬಿಟ್ಟ ಫೇಸಿನ ವೋಲ್ಟೇಜ್ ಬ್ಯಾಟರಿ ವೋಲ್ಟೇಜಿನ ಅರ್ಧವನ್ನು ದಾಟುವ ಕ್ಷಣದಿಂದ.

ರೆಸಿಸ್ಟರ್‌ಗಳ ಆಯ್ಕೆ ಸರಿಯಾಗಿಯೇ ಇದೆ. ಬ್ಯಾಟರಿ ಪೂರ್ತಿ ತುಂಬಿ 54.6 ವೋಲ್ಟ್ ಇದ್ದಾಗಲೂ ಎಡಿಸಿಗೆ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗಕ್ಕೆ) ತಲುಪುವುದು ಸುಮಾರು 2.45 ವೋಲ್ಟ್ ಮಾತ್ರ. ತೊಂದರೆ ಇರುವುದು ಕೆಪಾಸಿಟರಿನಲ್ಲಿ. ಎರಡೂ ರೆಸಿಸ್ಟರ್‌ಗಳು ಸಮಾಂತರವಾಗಿ ಸುಮಾರು 4.5 ಕಿಲೋಓಮ್ ಆಗುವುದರಿಂದ, ಏರಿಳಿತ ತಗ್ಗಲು ಶುರುವಾಗುವ ಆವರ್ತನ, ಅಂದರೆ ಫಿಲ್ಟರಿನ ಕಟ್‌ಆಫ್ 3.5 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಬರುತ್ತದೆ. ಅದು 20 ಕಿಲೋಹರ್ಟ್ಸ್‌ನ ಪಿಡಬ್ಲ್ಯುಎಂ (ಸ್ವಿಚ್ಚುಗಳನ್ನು ವೇಗವಾಗಿ ಆನ್-ಆಫ್ ಮಾಡಿ ಮೋಟರನ್ನು ನಿಯಂತ್ರಿಸುವ ವಿಧಾನ) ಏರಿಳಿತವನ್ನು ತಗ್ಗಿಸುತ್ತದೆಯಾದರೂ, ಮೋಟರಿನ ವಿದ್ಯುತ್ ಆವರ್ತನ 500 ಹರ್ಟ್ಸ್ ಇದ್ದಾಗ 8 ಡಿಗ್ರಿ, 1000 ಹರ್ಟ್ಸ್‌ಗೆ ಏರಿದಾಗ ಸುಮಾರು 16 ಡಿಗ್ರಿ ವಿಳಂಬವನ್ನು ತರುತ್ತದೆ. ಶೂನ್ಯ ದಾಟಿದ ಮೇಲೆ ಮುಂದಿನ ಕಮ್ಯುಟೇಶನ್ ವರೆಗೆ ನಮಗೆ ಸಿಗುವುದೇ 30 ಡಿಗ್ರಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಯೇ ಕರಗಿಹೋಯಿತು.

ವಿಳಂಬವನ್ನು ಲೆಕ್ಕಹಾಕಿ ಕಳೆಯಬಹುದು, ಆದರೆ ನಾನಾಗಿದ್ದರೆ ಕೆಪಾಸಿಟರನ್ನು 470 ಪಿಕೋಫ್ಯಾರಡ್‌ಗೆ ಇಳಿಸಿ, ಪಿಡಬ್ಲ್ಯುಎಂ ಆನ್ ಅವಧಿಯ ಕೊನೆಯ ಭಾಗದಲ್ಲಿ, ಸ್ವಿಚಿಂಗ್ ಕಂಪನ ಅಡಗಿದ ನಂತರ, ತೇಲುತ್ತಿರುವ (ಆಗ ಕರೆಂಟ್ ಕೊಡದೆ ಬಿಟ್ಟ) ಫೇಸನ್ನು ಓದಿ, ಅದೇ ಅನುಪಾತದಲ್ಲಿ ಇಳಿಸಿದ ಬಸ್ (ಬ್ಯಾಟರಿ) ವೋಲ್ಟೇಜಿನ ಅರ್ಧದೊಂದಿಗೆ ಹೋಲಿಸುತ್ತಿದ್ದೆ. ಕಮ್ಯುಟೇಶನ್ ಆದೊಡನೆ ಡಯೋಡ್‌ನಲ್ಲಿ ಕರೆಂಟ್ ಹರಿಯುವಷ್ಟು ಹೊತ್ತಿನ ಓದುಗಳನ್ನು ಕೈಬಿಡಿ. ಇಲ್ಲಿ ಮಲ್ಟಿಮೀಟರ್ ತೋರಿಸುವ ಅಂಕಿಯನ್ನು ನಂಬಬೇಡಿ.